ಹಸಿರು ಮುದ್ರಿ ಮತ್ತು ಎರಡನೇ ಹಾಳಿ

ಆ ಚಿತ್ರಕ್ಕೆ ನಾನು ಕೊಟ್ಟದ್ದು ಮುನ್ನೂರ ಐವತ್ತು ರೂಪಾಯಿ. ಬರೆದುಕೊಟ್ಟವನು ಕೇಳಿದ್ದು ಎಂಟುನೂರು. ಹೆಬ್ಬೆರಳ ಉಗುರಿನಷ್ಟು ಅಗಲ, ಒಂದೇ ಬಣ್ಣ, ಇದಕ್ಕೆ ಎಂಟುನೂರು ಯಾಕಪ್ಪಾ ಎಂದು ಅರ್ಧ ತಾಸು ಕೂತು ಇಳಿಸಿದೆ. ತೆರೆದ ಪುಸ್ತಕ, ಅದರ ಮೇಲೊಂದು ಕಣ್ಣು, ಎಲ್ಲ ಹಸಿರು. ನಮ್ಮ ಬ್ಲಾಗಿನ ಯಾವ ಬರಹವನ್ನು ವಿಜ್ಞಾನಿಗಳ ಮೂಲ ಪ್ರಬಂಧ ಓದಿ ಬರೆದಿದ್ದೇವೋ ಅದರ ನೆತ್ತಿಯ ಮೇಲೆ ಈ ಚಿತ್ರ. ಪೇಪರಿನಲ್ಲಿ ಕಂಡ ಸುದ್ದಿ, ನಮ್ಮ ಸ್ವಂತ ಅಭಿಪ್ರಾಯ, ಯಾರೋ ಹೇಳಿದ ಮನೆಮದ್ದು ಆಗಿದ್ದರೆ ಚಿತ್ರ ಇಲ್ಲ. ಓದುವವರಿಗೆ ಆ ವ್ಯತ್ಯಾಸ ದೂರದಿಂದಲೇ ಕಾಣಲಿ ಅಂತ ಮಾಡಿಸಿದ್ದು.

ಅಗ್ಗಕ್ಕೆ ಸಿಕ್ಕಿತು ಎಂದು ಬೀಗಿದ್ದೆ. ಮುಂದೆ ಎಂಟು ತಿಂಗಳೊಳಗೆ ಆ ಚಿತ್ರದ ದೆಸೆಯಿಂದ ಒಬ್ಬ ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು. ಆ ಬೆಲೆಯನ್ನು ಮಾತಾಡಿ ಇಳಿಸಲಿಕ್ಕೆ ಬರುವಂತಿರಲಿಲ್ಲ.

ಈಗ ಅಂಗಡಿ ಬಿಟ್ಟು ಮನೆಯಲ್ಲಿದ್ದೇನೆ. ವಿಜ್ಞಾನದ ವಿಷಯ ಕನ್ನಡದಲ್ಲಿ ಬರೆಯಬೇಕೆಂದು ಹೊಸದಾಗಿ ಹೊರಟವರು ಫೋನ್ ಮಾಡಿ, ಹೇಗೆ ಶುರು ಮಾಡಬೇಕು, ಜಾಹೀರಾತು ಬರುತ್ತದೋ ಇಲ್ಲವೋ, ದಿನಕ್ಕೆ ಎಷ್ಟು ಬರೆಯಬೇಕು ಅಂತ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಸಲ ಬರೆದಿಡುತ್ತೇನೆ.

ನಾನು ವಿಜ್ಞಾನ ಓದಿದವಳಲ್ಲ. ಬೈಲಹೊಂಗಲದ ಕಡೆಯವಳು, ಎಸ್ಸೆಸ್ಸೆಲ್ಸಿ, ಮೇಲೆ ಟೈಪಿಂಗ್‌ನ ಎರಡು ಪರೀಕ್ಷೆ. ಮದುವೆಯಾಗಿ ಪುಣೆಗೆ ಬಂದೆ. ಗಂಡನಿಗೆ ಭೋಸರಿಯಲ್ಲಿ ಕಾರ್ಖಾನೆ ಕೆಲಸ. ಅವರ ಕಾರ್ಖಾನೆ ಆರು ತಿಂಗಳು ಬಾಗಿಲು ಹಾಕಿದಾಗ ನಾನು ಪುಣೆಯದೇ ಪಾಷಾಣ ಬಡಾವಣೆಯಲ್ಲಿ ಒಂದು ಕಿರಿದಾದ ಗಾಳೆ, ಅಂದರೆ ಒಂದು ಕೋಣೆಯ ಅಂಗಡಿ, ಹಿಡಿದು ಎಲೆಕ್ಟ್ರಿಕ್ ಟೈಪ್‌ರೈಟರ್ ಇಟ್ಟೆ. ತೊಂಬತ್ತರ ದಶಕದ ಆರಂಭ ಅದು. ಪಾಷಾಣದ ಸುತ್ತ ಸಂಶೋಧನಾ ಸಂಸ್ಥೆಗಳು ಇದ್ದವು, ಅಲ್ಲಿ ಪಿಎಚ್‌.ಡಿ. ಹುಡುಗರು ಹಿಂಡುಹಿಂಡಾಗಿದ್ದರು, ಅವರೆಲ್ಲರಿಗೂ ಪ್ರಬಂಧ ಟೈಪ್ ಆಗಬೇಕು. ಪುಟದ ದರ ಎಲ್ಲರಿಗೂ ಒಂದೇ ಹೇಳುತ್ತಿದ್ದೆ. ಕೋಷ್ಟಕ ಇದ್ದರೆ ಹೆಚ್ಚು, ಅವಸರ ಇದ್ದರೆ ಇನ್ನೂ ಹೆಚ್ಚು. ಪಿಎಚ್‌.ಡಿ. ಹುಡುಗನಿಗೆ ಅವಸರ ಇರದ ದಿನವನ್ನು ನಾನು ನೋಡಿಲ್ಲ.

ನನ್ನ ಮೊದಲ ದೊಡ್ಡ ಗಿರಾಕಿ ಜಂಬಗಿ ಸರ್. ಜೀವರಸಾಯನದ ವಿಜ್ಞಾನಿ, ಮೂಲ ವಿಜಾಪುರದ ಕಡೆ, ತೆಳ್ಳಗೆ, ಚಪ್ಪಲಿ ಸವೆಯುವಷ್ಟು ನಡೆಯುವವರು. ಹೊರಗೆ ಎಲ್ಲರೊಂದಿಗೆ ಮರಾಠಿ, ನನ್ನ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಕನ್ನಡ. ಅವರ ಪೇಪರುಗಳನ್ನೆಲ್ಲ ನಾನೇ ಟೈಪ್ ಮಾಡುತ್ತಿದ್ದೆ. ನನ್ನ ಮಶೀನಿನಲ್ಲಿ ಗ್ರೀಕ್ ಅಕ್ಷರ ಇರಲಿಲ್ಲ. ಅಂಥ ಕಡೆ ಜಾಗ ಬಿಟ್ಟು, ಆಮೇಲೆ ಕರಿ ಶಾಯಿಯಲ್ಲಿ ಕೈಯಿಂದ ಬರೆಯುವುದು ಪದ್ಧತಿ. ಒಂದು ಕೋಷ್ಟಕದಲ್ಲಿ ಜಾಗ ಬಿಡುವುದನ್ನು ಮರೆತು ಮೈಕ್ರೋಗ್ರಾಂ ಇರಬೇಕಾದಲ್ಲಿ ಮಿಲಿಗ್ರಾಂ ಒತ್ತಿಬಿಟ್ಟೆ. ಸರ್ ಓದಿದರು, ಅವರ ಶಿಷ್ಯರು ಓದಿದರು, ಯಾರಿಗೂ ಕಾಣಲಿಲ್ಲ. ಪೇಪರು ಸಮುದ್ರ ದಾಟಿ ಹೋಯಿತು. ನಾಲ್ಕು ತಿಂಗಳಾದ ಮೇಲೆ ಸರ್ ಒಂದು ಉದ್ದ ಲಕೋಟೆ ಹಿಡಿದು ಬಂದರು.

"ಗಿರಿಜಾಬಾಯಿ, ನಮ್ಮ ಇಲಿಗಳಿಗೆ ಸಾವಿರ ಪಟ್ಟು ಔಷಧ ಕುಡಿಸಿ ಬಿಟ್ಟೀರಲ್ರೀ. ಇಷ್ಟು ಕೊಟ್ರ ಇಲಿ ಬದುಕೂದು ಶಕ್ಯನ ಇಲ್ಲ, ಒಮ್ಮೆ ನೋಡ್ರಿ ಅಂತ ರೆಫರಿ ಬರದಾರ."

ತಪ್ಪು ನನ್ನದೇ. ಆದರೂ ವ್ಯಾಪಾರದವಳಲ್ಲವೇ, ಮೊದಲು ಕೇಳಿದ್ದು ಇದನ್ನು: "ರೆಫರಿ ಅಂದ್ರ ಯಾರ್ರಿ?"

"ನಮ್ಮ ವಿಷಯಾನ ಬಲ್ಲವರೊಬ್ಬರು. ಪೇಪರು ಛಾಪಿಸೋಕಿಂತ ಮೊದಲ ಪತ್ರಿಕೆಯವರು ಅವರಿಗೆ ಕಳಸ್ತಾರ. ತಪ್ಪು ಹುಡುಕೂದು ಅವರ ಕೆಲಸ."

"ಹೆಸರೇನು?"

"ಗೊತ್ತಿಲ್ಲ. ಹೇಳೂದಿಲ್ಲ."

"ಊರು?"

"ಅದೂ ಹೇಳೂದಿಲ್ಲ."

"ಇಷ್ಟೆಲ್ಲಾ ಓದಾಕ ಅವರಿಗೆ ಎಷ್ಟು ಕೊಡತಾರ್ರಿ?"

"ಏನೂ ಇಲ್ಲ."

"ಪುಕಟ?"

"ಪುಕಟ. ನಾನೂ ಹಂಗ ಬ್ಯಾರೇದವರದು ಓದತೀನಿ. ಹೋದ ತಿಂಗಳು ಎರಡು ಓದಿದೆ."

ನಾನು ನಂಬಲಿಲ್ಲ. ಕಾಯಿಪಲ್ಯದ ಮಾರ್ಕೆಟ್ಟಿನಲ್ಲಿ ಟೊಮೆಟೊ ಬುಟ್ಟಿಯ ಅಡಿಗೆ ಕೊಳೆತದ್ದು, ಮೇಲೆ ಕೆಂಪಾದದ್ದು ಇಟ್ಟವರ ನಡುವೆ ಬೆಳೆದವಳು ನಾನು. ತನ್ನ ಬುಟ್ಟಿಯನ್ನು ತಾನೇ ಒಯ್ದು, ಹೆಸರು ಗೊತ್ತಿಲ್ಲದ ಎದುರಾಳಿಯ ಮುಂದೆ ಸುರುವಿ, ಕೊಳೆತದ್ದು ಇದ್ದರೆ ತೋರಿಸಪ್ಪಾ ಎನ್ನುವ ಬಜಾರು ಈ ಲೋಕದಲ್ಲಿ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಎದುರಾಳಿ ನನ್ನ ಒಂದು ಅಕ್ಷರದ ತಪ್ಪನ್ನು, ಸಾವಿರಾರು ಮೈಲಿ ದೂರ ಕೂತು, ಒಂದು ಕಪ್ ಚಹದ ಆಸೆಯೂ ಇಲ್ಲದೆ ಹಿಡಿದಿದ್ದ. ಅಥವಾ ಹಿಡಿದಿದ್ದಳು. ಅದೂ ತಿಳಿಯುವ ಹಾಗಿಲ್ಲ.

ಅದೇ ಲಕೋಟೆಯಲ್ಲಿ ಇನ್ನೂ ಮೂರು ಪುಟ ಪ್ರಶ್ನೆಗಳಿದ್ದವು. ಒಂದಕ್ಕೆ ಉತ್ತರ ಕೊಡಲಿಕ್ಕೆ ಸರ್ ಪ್ರಯೋಗವನ್ನೇ ಮತ್ತೆ ಮಾಡಿದರು. ಏಳು ತಿಂಗಳು ಹಿಡಿಯಿತು. ಕೊನೆಗೆ ಗೊತ್ತಾದದ್ದು, ಪೇಪರಿನ ಅರ್ಧ ಭಾಗ ನಿಲ್ಲುವುದಿಲ್ಲ ಅಂತ. ಆ ಅರ್ಧದಲ್ಲೇ ಅವರ ಅತ್ಯಂತ ಚೆಂದದ ನಕ್ಷೆ ಇತ್ತು. ನಾನು ಎರಡು ದಿನ ಕೂತು ಅದರ ಕೆಳಗಿನ ಸಾಲುಗಳನ್ನು ಹೊಂದಿಸಿದ್ದೆ.

"ಇದನ್ನ ಹಂಗ ಇಟ್ರ ಯಾರಿಗೆ ತಿಳಿತೈತ್ರಿ ಸರ್? ಆ ಮನುಷ್ಯಾ ಬಂದು ನಿಮ್ಮ ಇಲಿ ಎಣಸಾಂವ ಏನು?"

"ನನಗ ತಿಳಿದದ ಅಲ್ರೀ," ಎಂದು ನಕ್ಷೆಯ ಮೇಲೆ ಅಡ್ಡ ಗೆರೆ ಎಳೆದರು. ಆಮೇಲೆ ಉತ್ತರದ ಪತ್ರ ಹೇಳಿದರು, ನಾನು ಟೈಪ್ ಮಾಡಿದೆ. ಮೊದಲ ಸಾಲಿನಲ್ಲೇ ಆ ಅಪರಿಚಿತ ರೆಫರಿಗೆ ಕೃತಜ್ಞತೆ. ಅರ್ಧ ಪೇಪರಿಗೆ ಕತ್ತರಿ ಹಾಕಿಸಿದವನಿಗೆ ನಮಸ್ಕಾರ ಹೇಳುವ ಜನ ಇವರು. ಆ ಪತ್ರದ ಕಾರ್ಬನ್ ಪ್ರತಿಯನ್ನು ನಾನು ದೇವರ ಜಗಲಿಯ ಕೆಳಗಿನ ಡ್ರಾಯರಿನಲ್ಲಿ ಭಾಳ ವರ್ಷ ಇಟ್ಟುಕೊಂಡಿದ್ದೆ. ಗಂಡ ಕೇಳಿದರೆ ಏನಂತ ಹೇಳಲಿ? ಸುಮ್ಮನೆ ಇರಲಿ ಅಂದೆ.

ಕಾಲ ಬದಲಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಗ್ರೀಕ್ ಅಕ್ಷರಗಳೆಲ್ಲ ಅದರಲ್ಲೇ ಸಿಕ್ಕವು. ಲಕೋಟೆ ಹೋಗಿ ಫ್ಲಾಪಿ ಬಂತು, ಫ್ಲಾಪಿ ಹೋಗಿ ಈಮೇಲ್. ಕೊನೆಗೆ ಪಿಎಚ್‌.ಡಿ. ಹುಡುಗರು ತಾವೇ ಟೈಪ್ ಮಾಡತೊಡಗಿದರು. ಗಿರಾಕಿ ಇಲ್ಲದ ಅಂಗಡಿಯಲ್ಲಿ ಕೂತವಳಿಗೆ ಹೊಸ ದಾರಿ ತೋರಿಸಿದ್ದು ಸಹನಾ. ಬೆಂಗಳೂರಿನ ಹುಡುಗಿ, ಮಗರಪಟ್ಟಾದಲ್ಲಿ ಕಂಪ್ಯೂಟರ್ ಕೆಲಸ, ಆಗ ಇರುತ್ತಿದ್ದದ್ದು ನಮ್ಮ ಮೇಲಿನ ಮನೆಯಲ್ಲಿ.

"ಅಕ್ಕ, ನೀವು ಇಪ್ಪತ್ತು ವರ್ಷದಿಂದ ಸೈನ್ಸ್ ಟೈಪ್ ಮಾಡ್ತಾ ಇದೀರ. ಸರ್ ರಿಟೈರ್ ಆಗಿ ಮನೇಲಿ ಕೂತಿದಾರೆ. ಇಬ್ಬರೂ ಸೇರಿ ಕನ್ನಡದಲ್ಲಿ ಬ್ಲಾಗ್ ಬರೀರಿ. ಸೆಟಪ್ ನಾನು ಮಾಡಿಕೊಡ್ತೀನಿ, ಫ್ರೀ."

ಇಪ್ಪತ್ತು ಆಗಿರಲಿಲ್ಲ, ಹದಿನೈದು. ಆದರೆ ಪುಕಟ ಎಂದವರನ್ನು ನಾನು ತಿದ್ದುವುದಿಲ್ಲ.

ಎರಡು ಸಾವಿರದ ಎಂಟರ ಸುಮಾರಿಗೆ ಬ್ಲಾಗ್ ಶುರುವಾಯಿತು. ಆರೋಗ್ಯ, ಆಹಾರ, ನೀರು, ಇಂಥ ವಿಷಯ. ಸರ್ ಮೂಲ ಪ್ರಬಂಧ ಓದಿ ಹೇಳುವುದು, ನಾನು ನಮ್ಮ ಜನರಿಗೆ ತಿಳಿಯುವ ಹಾಗೆ ಬರೆಯುವುದು. ಹೊರದೇಶದ ಕೆಲವು ಬ್ಲಾಗಿನವರು ರೆಫರಿಗಳು ನೋಡಿದ ಸಂಶೋಧನೆಯ ಬಗ್ಗೆ ಬರೆದಾಗ ಒಂದು ಚಿಹ್ನೆ ಇಡುತ್ತಾರೆ ಎಂದು ಸಹನಾ ತೋರಿಸಿದಳು. ನನಗೆ ಆ ಯೋಚನೆ ಎದೆಗೆ ತಾಗಿತು. ಆ ಅಪರಿಚಿತ ಓದುಗರ ಕಣ್ಣು ಬಿದ್ದ ಮಾಲು ಇದು, ಅಂತ ಹೇಳುವ ಗುರುತು. ಹಾಗಾಗಿ ಪುಸ್ತಕದ ಮೇಲೆ ಕಣ್ಣು ಬರೆಸಿದೆ.

ಸರ್ ನಿಯಮ ಹಾಕಿದರು. ಪ್ರಬಂಧ ರೆಫರಿಗಳ ಕೈದಾಟಿ ಬಂದಿರಬೇಕು. ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿರಬೇಕು, ಮೇಲಿನ ಸಾರಾಂಶ ಅಷ್ಟೇ ಓದಿ ಚಿತ್ರ ಅಂಟಿಸುವಂತಿಲ್ಲ. ಬರೆದದ್ದು ನಮ್ಮ ಮಾತಿನಲ್ಲಿರಬೇಕು. ಕೆಳಗೆ ಯಾವ ಪ್ರಬಂಧ, ಯಾರದು, ಯಾವ ಪತ್ರಿಕೆ ಅನ್ನುವುದು ಪೂರ್ತಿ ಇರಬೇಕು, ಬೇಕಾದವರು ಹೋಗಿ ನೋಡಲಿ. ಈ ನಿಯಮಗಳಲ್ಲಿ ಒಂದನ್ನೂ ನಾವು ಎಂದೂ ಮುರಿಯಲಿಲ್ಲ. ಇದನ್ನು ನೆನಪಿಡಿ, ಯಾಕೆಂದರೆ ಮುಂದಿನ ಅನಾಹುತ ನಿಯಮ ಮುರಿದು ಆದದ್ದಲ್ಲ.

ನಮ್ಮ ಕನ್ನಡದ ಜನರಲ್ಲಿ ಅರ್ಧಕ್ಕರ್ಧ ಇಂಟರ್ನೆಟ್ ನೋಡಿದವರಲ್ಲ. ಆಗ ಬಾಣೇರ, ಪಾಷಾಣದ ತುಂಬ ಕಟ್ಟಡಗಳು ಏಳುತ್ತಿದ್ದವು. ಕಟ್ಟುತ್ತಿದ್ದವರಲ್ಲಿ ಯಾದಗಿರಿ, ಕಲಬುರ್ಗಿ ಕಡೆಯವರೇ ಹೆಚ್ಚು, ತಗಡಿನ ಶೆಡ್ಡುಗಳಲ್ಲಿ ವಾಸ. ಅವರಿಗಾಗಿ ನಾನು ಪ್ರತಿ ಬರಹವನ್ನು ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದೆ. ಹಸಿರು ಚಿತ್ರಕ್ಕಾಗಿಯೇ ಕಲರ್ ಪ್ರಿಂಟ್. ಸಂಜೆ ಕೆಲಸ ಬಿಟ್ಟವರು ನಿಂತು ಓದುವರು, ಓದಲು ಬರದವರು ಓದಿಸಿ ಕೇಳುವರು.

ಅವರಲ್ಲಿ ಮಲ್ಲಪ್ಪ, ಯಾದಗಿರಿ ಕಡೆಯವರು, ಹತ್ತಿರದ ಕಟ್ಟಡದ ಮುಕದ್ದಮ, ಅಂದರೆ ನಲವತ್ತು ಕೂಲಿಗಳ ಮೇಸ್ತ್ರಿ. ಹೆಂಡತಿ ನಾಗಮ್ಮ, ಅದೇ ಕಟ್ಟಡದಲ್ಲಿ ಇಟ್ಟಿಗೆ ಹೊರುವವಳು, ಸಕ್ಕರೆ ಕಾಯಿಲೆಯವಳು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ತಗಡಿನ ಶೆಡ್ಡಿನ ಕಾವಿಗೆ ಔಷಧ ಕೆಡುತ್ತದೆ ಎಂದು ಸೀಸೆಯನ್ನು ನಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಅಂಗಡಿಯ ಹಿಂದೆಯೇ ನಮ್ಮ ಅಡಿಗೆಮನೆ. ಮುಂಜಾನೆ ಬಂದು ಬೆನ್ನು ತಿರುಗಿಸಿ ಕೂತು ಚುಚ್ಚಿಕೊಳ್ಳುವಳು, ಸಂಜೆ ಮತ್ತೆ. "ಅಕ್ಕಾರ, ನಿಮ್ಮ ಫ್ರಿಜ್ಜಿನ್ಯಾಗ ಮೊಸರಿನ ಬಾಜೂಕ ನನ್ನ ಜೀವ ಇಟ್ಟೀನ್ರಿ, ಮಜ್ಜಿಗಿ ಮಾಡೀರಿ ಮತ್ತ," ಎಂದು ನಗಿಸುವಳು.

ಆ ವರ್ಷ ಮೆಂತ್ಯದ ಬಗ್ಗೆ ಒಂದು ಬರಹ ಹಾಕಿದೆವು. ಸಕ್ಕರೆ ಕಾಯಿಲೆ ತರಿಸಿದ ಇಲಿಗಳಿಗೆ ಮೆಂತ್ಯ ಕೊಟ್ಟು ನೋಡಿದ ಪ್ರಬಂಧ. ಸರ್ ಎರಡು ಸಲ ಪೂರ್ತಿ ಓದಿದ್ದರು. ನಾನು ಬರೆದದ್ದರಲ್ಲಿ ಸುಳ್ಳು ಒಂದು ಸಾಲೂ ಇರಲಿಲ್ಲ. ಆದರೆ ನಾನು ವ್ಯಾಪಾರಸ್ಥೆ. ಅಂಗಡಿಯಲ್ಲಿ ಒಳ್ಳೆಯ ಮಾಲು ಮುಂದೆ ಇಡುವುದು ರೂಢಿ. ಹಾಗಾಗಿ 'ಮೆಂತ್ಯ ಸಕ್ಕರೆ ಇಳಿಸುತ್ತದೆಯೇ? ಹೌದು ಎನ್ನುತ್ತಿದೆ ಸಂಶೋಧನೆ' ಅಂತ ತಲೆಬರಹ, ಕೆಳಗೆ ಮೆಂತ್ಯದ ಗುಣ, ನಮ್ಮ ಅಡಿಗೆಯಲ್ಲಿ ಅದರ ಬಳಕೆ, ರಕ್ತದಲ್ಲಿ ಸಕ್ಕರೆ ಇಳಿದ ಕಥೆ. ಇದು ಇಲಿಗಳಲ್ಲಿ ಕಂಡದ್ದು, ಮನುಷ್ಯರಿಗೆ ಇಷ್ಟರಿಂದಲೇ ಹೇಳಲು ಬಾರದು, ಯಾರೂ ಔಷಧ ಬಿಡಬಾರದು ಎಂಬ ಮಾತು ಕೊನೆಯಲ್ಲಿ. ಪ್ರಿಂಟ್ ತೆಗೆದಾಗ ಎರಡು ಹಾಳಿಯಾಯಿತು. ಗಾಜಿನ ಮೇಲೆ ಒಂದೇ ಹಾಳಿಗೆ ಜಾಗ ಇತ್ತು. ಪಕ್ಕದಲ್ಲಿ ಹಿಂದಿನ ವಾರದ ನೀರಿನ ಬರಹ ಇತ್ತು, ಅದನ್ನು ಇನ್ನೂ ಜನ ಓದುತ್ತಿದ್ದರು. ಮೊದಲ ಹಾಳಿ ಅಂಟಿಸಿದೆ. ಎರಡನೆಯದನ್ನು ಕೌಂಟರಿನ ಮೇಲೆ ಕಲ್ಲು ಹೇರಿ ಇಟ್ಟೆ, ಬೇಕಾದವರು ಕೇಳುತ್ತಾರೆ ಅಂತ.

ಮಾರನೆಯ ದಿನ ಶುಕ್ರವಾರ ನಾನು, ನನ್ನ ಗಂಡ ಬೆಳಗಾವಿಗೆ ಹೋದೆವು, ತಂಗಿಯ ಮಗಳ ಮದುವೆ. ಅಡಿಗೆಮನೆಯ ಕೀಲಿ ನಾಗಮ್ಮನ ಕೈಗೆ ಕೊಟ್ಟಿದ್ದೆ. ಸೋಮವಾರ ಮುಂಜಾನೆ ಬಸ್ಸಿಳಿದು ಬಂದು, ಹಾಲು ಇಡಲು ಫ್ರಿಜ್ಜು ತೆರೆದೆ. ಸೀಸೆ ಇಟ್ಟಲ್ಲೇ ಇತ್ತು. ಪಕ್ಕದಲ್ಲಿ ಶುಕ್ರವಾರ ನಾನೇ ತಂದುಕೊಟ್ಟ ಸಿರಿಂಜಿನ ಪ್ಯಾಕು. ಒಡೆದಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ಓಡಿದೆ. ಬಾಗಿಲಿಗೆ ಕೀಲಿ. ಪಕ್ಕದ ಶೆಡ್ಡಿನ ಮುದುಕಿ ರೊಟ್ಟಿ ಬಡಿಯುತ್ತಿದ್ದಳು.

"ಮಲ್ಲಪ್ಪನ ಮಂದಿ ಎಲ್ಲಿ ಹೋದ್ರಬೇ?"

"ಜೇಜೂರಿಗಿ. ಇವತ್ತ ಸೋಮವತಿ ಅಮಾಸಿ ಅಲ್ಲೇನ? ನಸಕಿನ್ಯಾಗ ಟೆಂಪೋ ತಗೊಂಡು ಹೋಗ್ಯಾರ."

"ನಾಗಮ್ಮ ಆರಾಮ ಇದ್ದಳೇನು?"

"ಏನ್ ಆರಾಮ? ಎರಡ ದಿನ ಆತು, ಕೊಡಪಾನ ನೀರು ಒಬ್ಬಾಕೀನ ಕುಡಿಯಾಕತ್ಯಾಳ. ದಿನಾ ಮೆಂತೆ ತಿನ್ನಾಕತ್ಯಾಳಲ್ಲ, ಅದರ ಝಳಾ ಇರಬೇಕಂತ."

ಆಗ ತಿಳಿಯಿತು. ಸೀಸೆಯನ್ನು ಬರ್ಫಿನ ಜೊತೆ ಥರ್ಮಾಸಿಗೆ ಹಾಕಿ, ಸಿರಿಂಜು ಚೀಲಕ್ಕೆ ತುರುಕಿ, ಸ್ವಾರಗೇಟಿಗೆ ಬಂದು ಎಸ್‌ಟಿ ಬಸ್ಸು ಹತ್ತಿದೆ. ದಾರಿಯಲ್ಲಿ ಸರ್‌ಗೆ ಫೋನ್ ಮಾಡಿದೆ. ಎಂದಿನಿಂದ ಇನ್ಸುಲಿನ್ ಚುಚ್ಚಿಕೊಂಡಿಲ್ಲ ಎಂದು ಕೇಳಿದರು. ಆಮೇಲೆ, "ವಾಂತಿ ಆಗ್ಯಾವೇನು ಕೇಳ್ರಿ. ಆಗಿದ್ರ ನೀವು ಚುಚ್ಚಲಿಕ್ಕೆ ಹೋಗಬ್ಯಾಡ್ರಿ, ಸೀದಾ ಡಾಕ್ಟರ ಕಡೆ ಒಯ್ಯಿರಿ," ಎಂದರು.

ಮಲ್ಲಪ್ಪನ ಮೊಬೈಲಿಗೆ ಹನ್ನೊಂದು ಸಲ ಹಚ್ಚಿದೆ. ಸಾಸವಡ ದಾಟಿದ ಮೇಲೆ ಎತ್ತಿದರು. ಹಿಂದೆ ಡೊಳ್ಳಿನ ಸದ್ದು, ಏಳುಕೋಟಿ ಏಳುಕೋಟಿ ಎಂಬ ಕೂಗು.

"ಅಕ್ಕಾರ, ಏನ್ರಿ? ನಾವು ಮಲ್ಲಯ್ಯನ ಕಡೆ ಬಂದೀವಿ."

"ನಾಗಮ್ಮ ಎಲ್ಲದಾಳ?"

"ಇಲ್ಲೇ ಮೆಟ್ಟಲ ಮ್ಯಾಲ ಕುಂತಾಳ್ರಿ. ಹತ್ತಾಕ ಒಲ್ಲೆ ಅಂತಾಳ. ಎರಡ ಸಲ ವಾಂತಿ ಮಾಡ್ಕೊಂಡಳು. ಬಿಸಲಿಗಿ ಆಗಿರಬೇಕು."

"ಅಲ್ಲೇ ಇರ್ರಿ. ಮ್ಯಾಲ ಹತ್ತಬ್ಯಾಡ್ರಿ, ಆಕೀನ್ನ ಹತ್ತಸಬ್ಯಾಡ್ರಿ. ಯಾವ ದೀಪದ ಕಂಬದ ಹತ್ರ ಅದೀರಿ ಹೇಳ್ರಿ."

ಜೇಜುರಿಯಲ್ಲಿ ಮಲ್ಲಯ್ಯನ ಗುಡ್ಡದ ಮೆಟ್ಟಿಲು ಅವತ್ತು ಕಲ್ಲಿನದಲ್ಲ, ಅರಿಷಿಣದ್ದು. ಮೇಲಿನಿಂದ ಭಂಡಾರ ತೂರುತ್ತಿದ್ದರು, ಗಾಳಿಯೇ ಹಳದಿ. ಲಕ್ಷ ಜನರ ಮುಖ ಒಂದೇ ಬಣ್ಣ. ಆ ಹಳದಿಯಲ್ಲಿ ನಾಗಮ್ಮನನ್ನು ಗುರುತಿಸಿದ್ದು ಅವಳು ಕೂತ ರೀತಿಯಿಂದ, ಕಂಬಕ್ಕೆ ತಲೆ ಆನಿಸಿ, ಸೆರಗು ಬಿದ್ದದ್ದು ಗೊತ್ತಿಲ್ಲದೆ. ಏದುಸಿರು ಬಿಡುತ್ತಿದ್ದಳು. ನನ್ನನ್ನು ನೋಡಿ, "ಅಕ್ಕಾರ, ನೀವೂ ಬಂದ್ರೇನು," ಎಂದಳು. ಇನ್ನೇನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ.

ಮಲ್ಲಪ್ಪ, ಇನ್ನಿಬ್ಬರು ಗಂಡಸರು ಅವಳನ್ನು ಎತ್ತಿದರು. ನಾನು ಮುಂದೆ ನಿಂತು, ಬಾಯಿಗೆ ಬಂದ ಮರಾಠಿಯಲ್ಲಿ ಬೈಯುತ್ತ, ಬೇಡುತ್ತ ದಾರಿ ಬಿಡಿಸಿದೆ. ಬೇರೆ ದಿನವಾದರೆ ಹೂವಿನವಳೊಂದಿಗೆ ಎಂಟಾಣೆಗೆ ಜಗಳ ಕಾಯುವವಳು, ಅವತ್ತು ಜೀಪಿನವನು ಕೇಳಿದಷ್ಟಕ್ಕೆ ಹೂಂ ಎಂದೆ. ಊರಿನ ದವಾಖಾನೆಯಲ್ಲಿ ಸಲೈನ್ ಹಚ್ಚಿದರು, ಇನ್ಸುಲಿನ್ ಕೊಟ್ಟರು, ಆಮೇಲೆ ಪುಣೆಯ ದೊಡ್ಡ ಆಸ್ಪತ್ರೆಗೆ. ಮೂರು ದಿನ ಬದುಕುತ್ತಾಳೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕನೆಯ ದಿನ ನರ್ಸಿಗೆ, ಚಹಾ ಬೇಕು, ಸಕ್ಕರೆ ಬ್ಯಾಡ ಎಂದಳಂತೆ.

ಆ ಮೂರು ದಿನದಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯ ಪಡಸಾಲೆಯಲ್ಲಿ ಮಲ್ಲಪ್ಪ ನನ್ನ ಪಕ್ಕ ಕೂತಿದ್ದರು. ಕಿವಿಯ ಹಿಂದೆ ಇನ್ನೂ ಅರಿಷಿಣ ಇತ್ತು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಪೂರಾ ಓದಿದ್ರೇನು ಅದನ್ನ?" ಎಂದು ನಾನೇ ಕೇಳಿದೆ.

"ನಮಗ ಪೂರಾ ಎಲ್ಲಿ ಓದಾಕ ಬರತದ್ರಿ? ಮ್ಯಾಲಿಂದು ದಪ್ಪ ಅಕ್ಷರ ಓದಿದ್ನಿ. ಮತ್ತ ಮುದ್ರಿ ನೋಡಿದ್ನಿ."

"ಮುದ್ರಿ?"

"ಅದ ರೀ, ನಿಮ್ಮ ಹಸರ ಮುದ್ರಿ. ನಾ ದಿನಾ ಲಾರಿ ಇಳಸ್ಕೊಳ್ಳಾಂವ. ಸಿಮಿಟ ಚೀಲದ ಮ್ಯಾಲ ಸರಕಾರಿ ಮುದ್ರಿ ನೋಡತೀನಿ, ಕಬ್ಬಿಣದ ಸಳಿ ಮ್ಯಾಲ ನೋಡತೀನಿ. ಮುದ್ರಿ ಇದ್ರ ಮಾಲು ಪಾಸ. ಇಲ್ಲಂದ್ರ ಲಾರಿ ವಾಪಸ್. ಚೀಲಾ ಒಡದು ಯಾರ ನೋಡತಾರ್ರಿ?" ಕಿವಿಯ ಹಿಂದಿನ ಅರಿಷಿಣ ಒರೆಸಿಕೊಳ್ಳುತ್ತ, "ಶೆಡ್ಡಿನ ಮಂದಿ ನೂರಾ ಎಂಟು ಔಷಧ ಹೇಳ್ಯಾರ್ರಿ ಆಕೀಗಿ. ಒಂದೂ ಮಾಡಸಲಿಲ್ಲ. ನಿಮ್ಮದಕ್ಕ ಮುದ್ರಿ ಇತ್ತು," ಎಂದರು.

ನಾವು ಆ ಚಿತ್ರದಿಂದ ಹೇಳಿದ್ದು, ಈ ಪ್ರಬಂಧವನ್ನು ಓದಿದ್ದೇವೆ ಅಂತ. ಮಲ್ಲಪ್ಪ ಕೇಳಿಸಿಕೊಂಡದ್ದು, ಈ ಮಾತನ್ನು ಪರೀಕ್ಷೆ ಮಾಡಿ ಪಾಸು ಮಾಡಿದ್ದಾರೆ, ಹೆಂಡತಿಯ ಜೀವವನ್ನು ಇದರ ಮೇಲೆ ಹೇರಬಹುದು ಅಂತ. ತಪ್ಪು ತಿಳಿದರು ಎನ್ನುವ ಹಾಗಿರಲಿಲ್ಲ. ಅವರ ಕೆಲಸದಲ್ಲಿ ಮುದ್ರಿಗೆ ಬೇರೆ ಅರ್ಥವೇ ಇಲ್ಲ. ನಲವತ್ತು ಜನರ ತಲೆಯ ಮೇಲೆ ಸ್ಲ್ಯಾಬು ನಿಲ್ಲುವುದೇ ಆ ನಂಬಿಕೆಯ ಮೇಲೆ. ಒಂದು ಉಗುರಿನಷ್ಟು ಹಸಿರಿನಲ್ಲಿ ಒಬ್ಬ ಮನುಷ್ಯ ಅಷ್ಟು ಭಾರ ಇಡುತ್ತಾನೆ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮುಂದಿನ ಭಾನುವಾರ ಅಂಗಡಿಯಲ್ಲಿ ನಾನು, ಸರ್, ಸಹನಾ ಮೂವರೂ ಕೂತೆವು. ಚಿತ್ರವನ್ನೇ ತೆಗೆದುಬಿಡೋಣ, ಬರಹವನ್ನು ಅಳಿಸೋಣ ಎಂದೆ ನಾನು.

"ಕೆಳಗೆ ಒಂದು ಲೈನ್ ಹಾಕಿದ್ರೆ ಸಾಕು ಅಕ್ಕ. 'ಇದು ವೈದ್ಯಕೀಯ ಸಲಹೆ ಅಲ್ಲ' ಅಂತ. ಎಲ್ಲರೂ ಹಾಗೇ ಮಾಡೋದು," ಎಂದಳು ಸಹನಾ.

"ಕೆಳಗ ಹಾಕಿದ್ದರಿಂದನ ಅಲ್ಲೇನವಾ ಇಷ್ಟೆಲ್ಲಾ ಆಗಿದ್ದು?" ಎಂದರು ಸರ್. ಸರ್ ನನ್ನ ಕಡೆ ತಿರುಗಿದರು. "ಅಳಸೂದು ಬ್ಯಾಡ್ರಿ. ನಾವು ಪೇಪರಿನ್ಯಾಗ ತಪ್ಪು ಮಾಡಿದ್ರ ಹಳೇದನ್ನ ಹಂಗ ಇಟ್ಟು, ಅದರ ಮ್ಯಾಲ ತಿದ್ದುಪಡಿ ಛಾಪಸ್ತೀವಿ. ತಪ್ಪು ಆಗಿತ್ತು ಅನ್ನೂದೂ ಕಾಣಬೇಕು. ಇನ್ನ ಚಿತ್ರದ ಮಾತು. ನಮ್ಮ ಬರಹ ಛಾಪಿಸೋಕಿಂತ ಮೊದಲ ಅದನ್ನ ಓದಿ ತಪ್ಪು ಹುಡುಕಿದವರು ಯಾರು? ಯಾರೂ ಇಲ್ಲ. ಪ್ರಬಂಧಕ್ಕ ರೆಫರಿ ಇದ್ರು, ನಮಗ ಇರಲಿಲ್ಲ. ನಿಮಗ ರೆಫರಿ ಬೇಕು ಗಿರಿಜಾಬಾಯಿ."

"ಯಾರನ್ನ ತರೂಣ್ರಿ? ಇನ್ನೊಬ್ರು ಪ್ರೊಫೆಸರನ್ನ?"

"ಪ್ರೊಫೆಸರು ಎರಡನೇ ಹಾಳಿ ಓದತಾರ. ಮೊದಲನೇ ಹಾಳಿಗೆ ನಿಂತುಬಿಡಾವರು ಯಾರು, ಅವರನ್ನ ತರ್ರಿ."

ನಾಗಮ್ಮ ಆಸ್ಪತ್ರೆಯಿಂದ ಬಂದು ವಾರ ಕಳೆಯುವವರೆಗೆ ಕಾದೆ. ಚುಚ್ಚಿಕೊಳ್ಳಲು ಮತ್ತೆ ಅಡಿಗೆಮನೆಗೆ ಬರುತ್ತಿದ್ದಳು. ಮೊದಲು ಅವಳ ಮುಂದೆ ಕೂತು, ತಪ್ಪು ನನ್ನದು ಎಂದೆ. ಅವಳು ಹತ್ತಿ ಒತ್ತಿಕೊಳ್ಳುತ್ತ, "ಇರಲಿ ಬಿಡ್ರಿ, ತಗೊಂಡು ಓಡಿ ಬಂದಾಕೀನೂ ನೀವ ಅಲ್ಲೇನು," ಎಂದಳು. ಆಮೇಲೆ ಕೆಲಸದ ಮಾತು ಹೇಳಿದೆ. ನಾನು ಬರೆದದ್ದನ್ನು ಓದುತ್ತೇನೆ, ನೀನು ಕೇಳು. ಕೇಳಿ, ನಾಳೆ ಮುಂಜಾನೆ ಎದ್ದು ಏನು ಮಾಡುತ್ತಿ ಎಂದು ಹೇಳು, ಅಷ್ಟೇ. ದಿನಕ್ಕೆ ಇಷ್ಟು ಕೊಡುತ್ತೇನೆ ಎಂದು ಒಂದು ಮೊತ್ತವನ್ನೂ ಹೇಳಿದೆ.

"ಕೇಳಾಕ ಯಾರರ ರೊಕ್ಕಾ ತಗೋತಾರೇನ್ರಿ?" ಎಂದು ನಕ್ಕಳು.

ಮೊದಲು ಓದಿದ್ದು ಮೆಂತ್ಯದ ತಿದ್ದುಪಡಿ. 'ಹಿಂದೆ ನಾವು ಬರೆದ ಫಲಿತಾಂಶ ಪ್ರಾಣಿಗಳಿಗೆ ಸಂಬಂಧಿಸಿದ್ದು' ಎಂದು ಶುರು ಮಾಡಿದ್ದೆ.

"ಯಾವ ಪ್ರಾಣಿ?"

"ಇಲಿ."

"ಹಂಗಾರ ಇಲಿ ಅನ್ರಿ. ಪ್ರಾಣಿ ಅಂದ್ರ ನಾ ಎತ್ತು ಅನ್ಕೊಂಡ್ನಿ. ಎತ್ತಿಗೆ ಹೊಂದಿದ್ದು ನಮಗೂ ಹೊಂದತದ."

ತಿದ್ದಿ ಮತ್ತೆ ಓದಿದೆ. 'ವೈದ್ಯರ ಸಲಹೆ ಇಲ್ಲದೆ ಚಿಕಿತ್ಸೆ ನಿಲ್ಲಿಸಬಾರದು.'

"ಈಗ ನಾಳೆ ಏನ್ ಮಾಡ್ತಿ?"

"ನಮ್ಮೂರ ನಾಟಿ ವೈದ್ಯನ್ನ ಕೇಳತೀನಿ. ಅಂವಾ ಬಿಡು ಅಂದ್ರ ಬಿಡತೀನಿ."

ಮತ್ತೆ ತಿದ್ದಿದೆ. ಮೂರನೆಯ ಸಲ ಹೀಗಿತ್ತು: 'ಇಲಿಗಳಿಗೆ ಮೆಂತ್ಯ ಕೊಟ್ಟು ನೋಡಿದ್ದಾರೆ. ಮನುಷ್ಯರಿಗೆ ಇದರಿಂದ ಇನ್ಸುಲಿನ್ ಬಿಡಲು ಬರುವುದಿಲ್ಲ. ಮೆಂತ್ಯ ಪಲ್ಯಕ್ಕೆ ಹಾಕಿ, ಇಂಜೆಕ್ಷನ್ ಬಿಡಬೇಡಿ. ನಮ್ಮ ಬರಹ ನೋಡಿ ಬಿಟ್ಟ ಒಬ್ಬರು ಸಾಯುವಂತಾಗಿದ್ದರು.'

"ನಾಳೆ?"

"ಚುಚ್ಕೋತೀನಿ. ಆಮ್ಯಾಲ ಪಲ್ಯಾ ಮಾಡತೀನಿ." ಏಳುತ್ತ, "ಒಬ್ಬರು ಯಾಕ ಅಂತೀರಿ? ನಾಗಮ್ಮ ಅಂತ ಬರೀರಿ. ನಮ್ಮ ಕಡೆ ಮಂದಿ ಹೆಸರಿಲ್ಲದ್ದನ್ನ ನಂಬೂದಿಲ್ಲ," ಎಂದಳು.

ಬರೆದೆ. ಹಳೆಯ ಬರಹದ ನೆತ್ತಿಯ ಮೇಲೆ ಅದನ್ನು ಅಂಟಿಸಿದೆವು, ಗಾಜಿನ ಮೇಲೂ. ಮುಂದಿನ ಮೂರು ವರ್ಷ, ಮಲ್ಲಪ್ಪನ ಕಟ್ಟಡ ಮುಗಿದು ಅವರು ಚಾಕಣದ ಕಡೆ ಹೋಗುವವರೆಗೆ, ನಾಗಮ್ಮ ಕೇಳದ ಒಂದು ಬರಹವೂ ಹೊರಗೆ ಹೋಗಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚನ್ನು ವಾಪಸ್ಸು ಮಾಡಿದ್ದಾಳೆ. ನಾಲ್ಕನ್ನು ಪೂರ್ತಿ ಕೈಬಿಟ್ಟೆವು, ಎಷ್ಟು ತಿದ್ದಿದರೂ ಅವಳು ಮಾರನೆಯ ದಿನ ಮಾಡುತ್ತೇನೆ ಎಂದದ್ದು ಪ್ರಬಂಧ ಹೇಳಿದ್ದಕ್ಕಿಂತ ಮುಂದೆ ಹೋಗುತ್ತಿತ್ತು. ಜಂಬಗಿ ಸರ್ ಅವಳ ಆಕ್ಷೇಪಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ವಿಜ್ಞಾನಿಗಳ ಆಕ್ಷೇಪ ಬರೆದುಕೊಳ್ಳುತ್ತಿದ್ದ ಅದೇ ಸಣ್ಣ ಅಕ್ಷರದಲ್ಲಿ. ನಾನು ಅದನ್ನು ನೋಡುತ್ತ ಸುಮ್ಮನೆ ನಿಂತ ಮಧ್ಯಾಹ್ನಗಳಿವೆ.

ಈಗ ನಿಮಗೆ ಹೇಳಬೇಕಾದದ್ದು. ಮೂಲ ಪ್ರಬಂಧ ಪೂರ್ತಿ ಓದದೆ ಯಾವ ಗುರುತನ್ನೂ ಹಚ್ಚಬೇಡಿ. ದುಡ್ಡು ಕೊಟ್ಟರೆ ಮಾತ್ರ ಓದಲು ಸಿಗುವಂಥದ್ದಾದರೆ ಬರೆದವರಿಗೇ ಒಂದು ಪತ್ರ ಹಾಕಿ, ಹತ್ತರಲ್ಲಿ ಆರು ಜನ ಪುಕಟ ಕಳಿಸುತ್ತಾರೆ. ನಾಚಿಕೆ ಬೇಡ, ಕೇಳಿ. ನಿಮ್ಮ ಗುರುತಿನ ಅರ್ಥ ಏನು ಎಂಬುದನ್ನು ಗುರುತಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಬರೆಯಿರಿ: ನಾವು ಓದಿದ್ದೇವೆ, ಖಾತ್ರಿ ಕೊಟ್ಟಿಲ್ಲ. ಯಾರ ಮೇಲೆ ನೋಡಿದ್ದು, ಗಾಜಿನ ತಟ್ಟೆಯೋ ಇಲಿಯೋ ಮನುಷ್ಯರೋ, ಮನುಷ್ಯರಾದರೆ ಎಷ್ಟು ಜನ, ಇದು ತಲೆಬರಹದ ಕೆಳಗಿನ ಮೊದಲ ಸಾಲಿನಲ್ಲಿ ಬರಲಿ. ಅದರಿಂದ ಓದುಗರು ಕಡಿಮೆಯಾಗುತ್ತಾರೆ. ಆಗಲಿ, ನಮಗೂ ಆದರು. ಪ್ರಿಂಟ್ ತೆಗೆದು ಹಚ್ಚುವುದಾದರೆ ಒಂದೇ ಹಾಳಿಯಲ್ಲಿ ಮುಗಿಯುವಷ್ಟು ಬರೆಯಿರಿ. ತಪ್ಪಾದರೆ ಅಳಿಸಬೇಡಿ, ಮೇಲೆ ಬರೆಯಿರಿ.

ಇಷ್ಟಾದ ಮೇಲೆ ನಿಮ್ಮ ಮಾತನ್ನು ನಂಬಿ ನಡೆಯಬಹುದಾದ ಒಬ್ಬರನ್ನು ಹುಡುಕಿ. ಓದಿದವರು ಬೇಡ, ನಿಮ್ಮನ್ನು ಹೊಗಳುವವರು ಬೇಡ. ಅವರ ಪಕ್ಕ ಕೂತು, ಬರೆದದ್ದನ್ನು ನಿಧಾನ ಓದಿ ಹೇಳಿ, ನಾಳೆ ಮುಂಜಾನೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರವನ್ನು ನೀವು ಅವರ ಬಾಯಿಗೆ ಹಾಕಬೇಡಿ, ಕಾಯಿರಿ. ಅವರು ಹೇಳಿದ್ದು ಪ್ರಬಂಧದಲ್ಲಿ ಇದ್ದದ್ದಕ್ಕೆ ಹೊಂದಿದರೆ ಮಾತ್ರ ಗುರುತು ಹಚ್ಚಿ, ಹೊಂದದಿದ್ದರೆ ಮನೆಗೆ ಹೋಗಿ ಮತ್ತೆ ಬರೆಯಿರಿ.